ಅಕ್ಕೋರು ಅಳೆದ ಆಣ

ಸೊಂಟದ ಎಡಬದಿಗೆ, ಸೆರಗು ಸಿಕ್ಕಿಸುವ ಜಾಗದಲ್ಲಿ, ಅಕ್ಕೋರ ಸೀರೆಯ ಮೇಲೆ ಯಾವಾಗಲೂ ಮೂರು ಬಿಳಿ ಗೆರೆ ಇರುತ್ತಿದ್ದವು. ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣ ಹತ್ತಿದ ಬೆರಳುಗಳನ್ನು ಅವರು ಅಲ್ಲೇ ಒರೆಸಿಕೊಳ್ಳುತ್ತಿದ್ದರು. ಮೂರು ಬೆರಳು, ಮೂರು ಗೆರೆ. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತು ಹಣೆಗೆ ವಿಭೂತಿ ಎಳೆದುಕೊಳ್ಳುವ ನನಗೆ ಅದನ್ನು ಕಂಡಾಗಲೆಲ್ಲ ನಗು. ಒಂದು ದಿನ ಹೇಳಿಯೇಬಿಟ್ಟೆ: “ಅಕ್ಕೋರ, ವಿಭೂತಿ ಹಣಿಗೆ ಹಚ್ಕೋಬೇಕ್ರಿ, ಸ್ವಂಟಕ್ಕಲ್ಲ.”

ಅವರು ಬಗ್ಗಿ ನೋಡಿಕೊಂಡರು. “ಇದೂ ವಿಭೂತಿಯೇ ಅಕ್ಕಾ. ಇಪ್ಪತ್ತೆರಡು ವರ್ಷ ಆಯ್ತು, ಎಷ್ಟು ತೊಳೆದ್ರೂ ಹೋಗುದಿಲ್ಲ.”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು. ಇವರು ಕುಮಟಾ ಕಡೆಯವರು. ಬನವಾಸಿ ರಸ್ತೆಯಲ್ಲಿರುವ ನಮ್ಮೂರ ಶಾಲೆಗೆ ಗಣಿತ, ವಿಜ್ಞಾನ ಕಲಿಸಲು ಬಂದು, ನಮ್ಮ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಇದ್ದರು. ನಾನು ಅವರಿಗೆ ಅಕ್ಕೋರು, ಅವರು ನನಗೆ ಅಕ್ಕಾ. ನಮ್ಮ ಅತ್ತೆ ಅದನ್ನು ಕೇಳಿ, “ಇಬ್ರೂ ಅಕ್ಕ ಆದ್ರ ತಂಗಿ ಯಾರವಾ? ನಾನ?” ಅನ್ನುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: “ಅಳೆದು ನೋಡ್ವ.” ನಮ್ಮ ಬಾವಿಯ ನೀರು ಎಷ್ಟು ಇಳಿಯಿತು ಅಂದರೆ ಹಗ್ಗಕ್ಕೆ ಗಂಟು ಹಾಕಿ ಅಳೆದು ನೋಡ್ವ. ಅತ್ತೆಗೆ ಜ್ವರ ಅಂದರೆ, ಹಣೆ ಮುಟ್ಟಿ ಏನು ತಿಳೀತದೆ, ಅಳೆದು ನೋಡ್ವ. ಹಿಂಗೆ ಎಲ್ಲವನ್ನೂ ಅಳೆಯುವ ಹೆಂಗಸು, ಐವತ್ತರ ಹತ್ತಿರ ಬಂದ ವಯಸ್ಸಿನಲ್ಲಿ ಮತ್ತೆ ಕಾಲೇಜು ಸೇರಿದರು. ಕಾಲೇಜು ಅಂದರೆ ಫೋನಿನೊಳಗಿನ ಕಾಲೇಜು. ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಎರಡು ವರ್ಷದ ಸ್ನಾತಕೋತ್ತರ ಓದು, ಪೂರ್ತಿ ಆನ್‌ಲೈನ್. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಇವನ್ನೆಲ್ಲ ಬೇರೆ ಬೇರೆ ಮಾಡದೆ ಕೂಡಿಸಿ ಕಲಿಸುವುದು ಹೇಗೆ ಎನ್ನುವುದೇ ಅದರ ವಿಷಯ. ಅದಕ್ಕೆ ಸ್ಟೆಮ್ ಅಂತ ಹೆಸರು.

ಅತ್ತೆಗೆ ಅದು ಬೇರೆಯೇ ಕೇಳಿಸಿತು. “ಸ್ಟೋ ಹಚ್ಚೂದಕ್ಕೂ ಡಿಗ್ರಿ ಕೊಡ್ತಾರೇನವಾ ಈಗ? ಹಂಗಾರ ನಮಗ ಯಾವಾಗೋ ಕೊಡಬೇಕಾಗಿತ್ತು!”

ಅಕ್ಕೋರು ನಗಲಿಲ್ಲ. ಅತ್ತೆಯ ಪಕ್ಕ ಕೂತು ನಿಧಾನಕ್ಕೆ ಹೇಳಿದರು: “ಅಮ್ಮಾ, ನನ್ನ ಮಕ್ಕಳು ಗಣಿತದ ಪಟ್ಟಿ ಮುಚ್ಚಿಟ್ಟು ವಿಜ್ಞಾನದ ಪಟ್ಟಿ ತೆಗಿತಾರೆ. ಎರಡಕ್ಕೂ ಸಂಬಂಧವೇ ಇಲ್ಲ ಅಂತ ತಿಳ್ಕೊಂಡಿದಾರೆ. ಮನೆಗೆ ಹೋದ್ಮೇಲೆ ಎರಡನ್ನೂ ಮರೀತಾರೆ. ನಡುವೆ ಗೋಡೆ ಕಟ್ಟಿದವಳು ನಾನೇ. ಒಡೀಲಿಕ್ಕೂ ನಾನೇ ಕಲೀಬೇಕಲ್ದಾ?”

ತೊಂದರೆ ಒಂದೇ. ಅವರ ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಫೋನು ಎತ್ತಿ ಹಿಡಿದು ಮನೆಯೆಲ್ಲ ಸುತ್ತಿದರು. ಅಡುಗೆಮನೆಯಲ್ಲಿ ಒಂದು ಗೆರೆ, ಪಡಸಾಲೆಯಲ್ಲಿ ಎರಡು. ಪೂರ್ತಿ ಬಂದದ್ದು ದೇವರ ಕೋಣೆಯಲ್ಲಿ, ಅದೂ ಕಿಟಕಿಯ ಬುಡದಲ್ಲಿ. ದೇವರ ಕೋಣೆಗೆ ಹೊರಗಿನವರನ್ನು ಬಿಟ್ಟು ಅಭ್ಯಾಸವಿಲ್ಲ. ನನ್ನ ಮುಖ ನೋಡಿ ಅಕ್ಕೋರು, “ಬೇಡ ಅಕ್ಕಾ, ಶಾಲೆ ಗುಡ್ಡ ಹತ್ತಿ ಕೂರ್ತೆ,” ಅಂದರು. ಆಗ ಅತ್ತೆಯೇ ಒಳಗಿನಿಂದ ಕೂಗಿದರು: “ಶಿವಗ ಪಾಠ ಕೇಳಾಕ ಬ್ಯಾಸರ ಇಲ್ಲ ತಗೀರಿ. ಅವರಿಗೆ ಚಾಪಿ ಹಾಸಿ ಕೊಡವಾ.”

ಹೀಗೆ ಎರಡು ವರ್ಷ, ವಾರಕ್ಕೆ ಮೂರು ಸಂಜೆ, ನನ್ನ ದೀಪದ ಪಕ್ಕದಲ್ಲಿ ಅಕ್ಕೋರ ಕ್ಲಾಸು ನಡೆಯಿತು. ತಿಂಗಳ ಆ ಮೂರು ದಿನ ಅವರು ತಾವಾಗೇ ಬಾಗಿಲ ಹೊರಗೆ ಕೂರಲು ನೋಡಿದರು. ಅದಕ್ಕೂ ಅತ್ತೆ ಬಿಡಲಿಲ್ಲ. “ನಮ್ಮ ಮನ್ಯಾಗ ಆ ಸೂತಕ ಗೀತಕ ನಡ್ಯೂದಿಲ್ಲ. ಒಳಗ ಬಾ, ಪಾಠ ಹೋಗ್ತೈತಿ.” ನಾನು ಹೊಸ್ತಿಲಲ್ಲಿ ಹೂ ಕಟ್ಟುತ್ತ ಕೂರುತ್ತಿದ್ದೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ತಿಳಿದಷ್ಟು ತಿಳಿಯುತ್ತಿತ್ತು. ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಹೂ ಕಟ್ಟುತ್ತ ಪಾಠ ಕೇಳುವ ಭಾಗ್ಯ ಮನೆಗೇ ಬಂದಿತ್ತು.

ಕೊನೆಗೆ ಪ್ರಾಜೆಕ್ಟು ಬಂತು. ಅದು ಪಾಸಾದರೆ ಮಾತ್ರ ಪದವಿ. ಅಕ್ಕೋರು ಮಕ್ಕಳಿಂದ ರಟ್ಟಿನ ಸೇತುವೆ ಕಟ್ಟಿಸಿ, ಮೇಲೆ ಕಲ್ಲಿಟ್ಟು, ವಿಡಿಯೊ ಮಾಡಿ ಕಳಿಸಿದರು. ವಾರದಲ್ಲಿ ವಾಪಸು. ಅವರ ಗೈಡ್ ಸರ್ ಪರದೆಯ ಮೇಲೆ ಹೇಳಿದ್ದು ನನಗೂ ಕೇಳಿಸಿತು: “ಚೆನ್ನಾಗಿದೆ ಟೀಚರ್. ಆದರೆ ಇದನ್ನು ಎಲ್ಲಿ ಬೇಕಾದರೂ ಮಾಡಬಹುದು. ನಿಮ್ಮ ಊರು ಇದರಲ್ಲಿ ಎಲ್ಲಿದೆ? ಇನ್ನೊಂದು ಅವಕಾಶ ಇದೆ. ಅದೇ ಕೊನೆಯದು.”

ಅವತ್ತು ಅವರು ಊಟಕ್ಕೆ ಬರಲಿಲ್ಲ. ನಾನು ತಟ್ಟೆ ತೆಗೆದುಕೊಂಡು ಹೋದರೆ ಗೋಡೆಗೆ ಒರಗಿ ಕೂತಿದ್ದರು. “ಎರಡು ವರ್ಷ ಓದಿ ಖಾಲಿ ಕೈಲಿ ಹೋಗುದಾ ಅಕ್ಕಾ? ಮಕ್ಕಳಿಗೆ ದಿನಾ ಹೇಳ್ತೆ, ಬಿಡಬೇಡಿ ಅಂತ. ನಾನೇ ಬಿಟ್ರೆ?” “ನಾಳಿ ನಾಗರ ಪಂಚಮಿ ಉಂಡಿ ಮಾಡ್ತೀನಿ, ಅಡಗಿಮನಿಗೆ ಬರ್ರಿ. ಮನಸಿಗೆ ಬ್ಯಾರೆ ಆಕ್ಕೈತಿ,” ಅಂದು ಬಂದೆ.

ಬಂದರು. ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟು, ಬೆಲ್ಲ ಕುದಿಯಲು ಇಟ್ಟಿದ್ದೆ. ಮಾತಿಗೆ ಮಾತು ಬಂದು ಹೇಳಿದೆ: “ಎಲ್ಲಾ ಆಣದ ಮ್ಯಾಲ ಐತ್ರಿ ಅಕ್ಕೋರ. ಆಣ ತಪ್ಪಿದ್ರ ಉಂಡಿ ಕಟ್ಟಾಕ ಬರೂದಿಲ್ಲ, ಪುಡಿ ಪುಡಿ ಆಕ್ಕಾವ.” ಅವರು ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದರು. ಎದ್ದು ಹೋಗಿ ಪಟ್ಟಿ ತಂದು ಬರೆದುಕೊಂಡರು. ಏನು ಬರೆದುಕೊಂಡರು ಅಂತ ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಕ್ಲಾಸು. ನಾನು ಹೊಸ್ತಿಲಲ್ಲಿ ಮಲ್ಲಿಗೆ ಮಾಲೆ ಹಿಡಿದು ಕೂತಿದ್ದೆ. ಒಳಗೆ ಅಕ್ಕೋರು ಉತ್ಸಾಹದಿಂದ ವಿವರಿಸುತ್ತಿದ್ದರು: “ಸರ್, ಇಲ್ಲಿಯ ಹೆಂಗಸರು ಪಂಚಮಿ ಉಂಡೆ ಕಟ್ಟುವ ಮೊದಲು ದೇವರ ಮೇಲೆ ಆಣೆ ಇಡುತ್ತಾರೆ. ಆಣೆ ತಪ್ಪಿದರೆ ಉಂಡೆ ಪುಡಿಯಾಗುತ್ತದೆ ಎಂದು ನಂಬುತ್ತಾರೆ. ಮಕ್ಕಳಿಂದ ಇದನ್ನು ಪರೀಕ್ಷೆ ಮಾಡಿಸುತ್ತೇನೆ. ಆಣೆ ಇಟ್ಟು ಹತ್ತು ಉಂಡೆ, ಇಡದೆ ಹತ್ತು ಉಂಡೆ.”

“ಯವ್ವಾ, ಶಿವನ!” ಕೈಯ ಮಾಲೆ ಹಾಗೇ ಹಿಡಿದು ಒಳಗೆ ನುಗ್ಗಿದೆ. “ಆಣೆ ಅಲ್ರೀ ಅಕ್ಕೋರ! ಆಣ! ಆಣ! ಬೆಲ್ಲದ ಪಾಕಕ್ಕ ಆಣ ಅಂತೀವಿ ನಾವು! ಉಂಡಿ ಕಟ್ಟಾಕ ಯಾರು ದೇವರ ಆಣಿ ಇಡ್ತಾರ?”

ಅಕ್ಕೋರ ಮುಖ ಕೆಂಪಾಯಿತು. ಫೋನಿನೊಳಗೆ ಗೈಡ್ ಸರ್ ಜೋರಾಗಿ ನಕ್ಕರು. ಅವರ ಜೊತೆ ಕ್ಲಾಸಿನಲ್ಲಿದ್ದ ಎಲ್ಲ ಶಿಕ್ಷಕರೂ ನಕ್ಕರು. ನಾನು ಸೆರಗು ಎಳೆದುಕೊಂಡು ಓಡಬೇಕು ಅನ್ನುವಷ್ಟರಲ್ಲಿ ಸರ್, “ಟೀಚರ್, ಅವರನ್ನು ಕೂರಿಸಿ,” ಅಂದರು. ಕೂತೆ.

“ಆಣ ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತಮ್ಮಾ?”

ನನಗೆ ಇಂಥದ್ದನ್ನು ಯಾರೂ ಕೇಳಿರಲಿಲ್ಲ. “ಗುಳ್ಳಿ ನೋಡ್ಬೇಕ್ರಿ ಸರ್. ಮೊದಲ ಗಡಿಬಿಡಿ ಮಾಡ್ತಾವ, ಆಮ್ಯಾಲ ಸಾವಕಾಶ ಆಗ್ತಾವ. ಬೆರಳಾಗ ಹಿಡದ್ರ ಎಳಿ ಬರಬೇಕು. ನೀರಾಗ ಹನಿ ಬಿಟ್ರ ಮೆತ್ತನ ಗುಂಡಾಗಿ ಕುಂದರಬೇಕು. ಇನ್ನೊಂಚೂರು ಬಿಟ್ರ ಅದ ಹನಿ ತಾಟಿಗೆ ಬಡದ್ರ ಟಣ್ ಅಂತೈತಿ. ಟಣ್ ಅಂದ್ರ ಚಿಕ್ಕಿಗೆ ಬಂತು, ಉಂಡಿಗೆ ಹೋತು.”

“ನಿಮಗೆ ಇದನ್ನು ಯಾರು ಹೇಳಿಕೊಟ್ಟರು?”

“ಅತ್ತಿ ಬೈದು ಬೈದು ಹೇಳಿಕೊಟ್ರು.”

ಸರ್ ಅಕ್ಕೋರ ಕಡೆ ತಿರುಗಿದರು. “ಟೀಚರ್, ನಿಮ್ಮ ಊರು ಸಿಕ್ಕಿತು. ಇನ್ನು ನಿಮ್ಮ ಮಾತಿನಂತೆ ಅಳೆದು ನೋಡಿ.”

ಆಮೇಲಿನ ಎರಡು ವಾರ ನಮ್ಮ ಅಡುಗೆಮನೆಗೆ ಹಬ್ಬ ಮುಗಿಯಲೇ ಇಲ್ಲ. ಶಿರಸಿಗೆ ಹೋಗಿ ಅಕ್ಕೋರು ಉದ್ದನೆಯ ಥರ್ಮಾಮೀಟರ್ ತಂದರು. ಏಳನೆಯ ತರಗತಿಯ ಮಕ್ಕಳು ಪಾಳಿ ಪ್ರಕಾರ ಬಂದರು. ಒಬ್ಬಳು ನಿಮಿಷ ಹೇಳುವುದು, ಒಬ್ಬ ಡಿಗ್ರಿ ಓದುವುದು, ಇನ್ನೊಬ್ಬಳು ಎಳೆಯನ್ನು ಸ್ಕೇಲಿನಿಂದ ಅಳೆಯುವುದು. ಥರ್ಮಾಮೀಟರಿನ ಪಾದರಸ ನೂರು ದಾಟಿದಾಗ ಒಬ್ಬ ಹುಡುಗಿ ಕಿರುಚಿದಳು: “ಅಕ್ಕೋರ! ನೀರು ನೂರಕ್ಕ ಕುದಿತೈತಿ ಅಂದಿದ್ರಿ! ಇದ್ಯಾಕ ಏರಾಕ ಹತ್ತೇತಿ?”

ಅಕ್ಕೋರು ಉತ್ತರ ಹೇಳಲಿಲ್ಲ. ಕುಣಿಯುವುದೊಂದು ಬಾಕಿ. “ಯಾಕೆ? ನೀವೇ ಹೇಳಿ, ಯಾಕೆ? ನೀರಿನ ಜೊತೆ ಯಾರಿದ್ದಾರೆ?” ಮಕ್ಕಳಿಗಿಂತ ಮೊದಲು ನನ್ನ ಬಾಯಿಂದ ಬಂತು: “ಬೆಲ್ಲ ನೀರಿನ ಕೈ ಬಿಡವಲ್ದು.” ಎಲ್ಲರೂ ನನ್ನ ಕಡೆ ನೋಡಿದರು. ನಲವತ್ತು ವರ್ಷ ಬೆಲ್ಲ ಕುದಿಸಿದ್ದೇನೆ, ಅದು ನನಗೇ ಗೊತ್ತಿದೆ ಅಂತ ಗೊತ್ತಿರಲಿಲ್ಲ.

ಕೊನೆಯ ದಿನ ನನ್ನ ಪರೀಕ್ಷೆ. ಥರ್ಮಾಮೀಟರು ನನಗೆ ಕಾಣದಂತೆ ಹಿಡಿದರು. ನಾನು ಗುಳ್ಳೆ ನೋಡಿ, ಎಳೆ ಹಿಡಿದು “ಬಂತು” ಅನ್ನಬೇಕು. ಮನಸ್ಸಿನಲ್ಲೇ ಶಿವಶಿವ ಅಂದುಕೊಂಡೆ. ಐದು ಸಲ “ಬಂತು” ಅಂದೆ. ಐದು ಸಲವೂ ಒಂದೆರಡು ಡಿಗ್ರಿಯ ಆಚೆ ಈಚೆ ಅದೇ ಜಾಗ, ನೂರಾ ಹದಿನೈದರ ಹತ್ತಿರ. ಮಕ್ಕಳು ಚಪ್ಪಾಳೆ ಹೊಡೆದರು. ಅತ್ತೆ ಮಾತ್ರ, “ಚಪ್ಪಾಳಿ ನನಗ ಹೊಡೀರಿ. ಇಕಿ ಮದುವ್ಯಾಗಿ ಬಂದಾಗ ಟಣ್ ಅನ್ನೂ ಉಂಡಿ ಕಟ್ಟಿದ್ಲು, ನಮ್ಮ ಮಾವನ ಹಲ್ಲು ಹೋತು,” ಅಂದರು.

ಆ ಪ್ರಾಜೆಕ್ಟು ಪಾಸಾಯಿತು. ಅಕ್ಕೋರು ಶಾಲೆಯಿಂದ ಓಡಿಕೊಂಡೇ ಬಂದು ಫೋನು ತೋರಿಸಿದರು. ಪ್ರಾಜೆಕ್ಟಿನ ವರದಿಯಲ್ಲಿ ‘ಸಹಾಯ ಮಾಡಿದ ತಜ್ಞರು’ ಎಂದು ಒಂದು ಕಾಲಂ ಇತ್ತು. ಅಲ್ಲಿ ನನ್ನ ಹೆಸರು, ಅದರ ಮುಂದೆ ಉದ್ಯೋಗ. ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಅರ್ಜಿಯವರೆಗೆ ಆ ಜಾಗದಲ್ಲಿ ಮನೆಗೆಲಸ ಅಂತಲೇ ಬರೆಸಿದವಳು ನಾನು. ಅಕ್ಕೋರು ಬರೆದಿದ್ದರು: ಆಣ ಬಲ್ಲವರು. ನಾನು ಆ ಫೋನನ್ನು ಹಾಗೇ ದೇವರ ಮುಂದೆ ಇಟ್ಟು ಕೈ ಮುಗಿದೆ. ಶಿವ ದೊಡ್ಡದೇನನ್ನೂ ಕೊಡದಿದ್ದರೂ ಇಂಥ ಸಣ್ಣ ಸಣ್ಣದನ್ನು ಸರಿಯಾದ ಹೊತ್ತಿಗೆ ಕೊಟ್ಟಿದ್ದಾನೆ.

ಮರುವರ್ಷ ಅವರಿಗೆ ಯಲ್ಲಾಪುರ ತಾಲೂಕಿಗೆ, ಮಾಗೋಡಿನ ಕಡೆಗೆ ವರ್ಗವಾಯಿತು. ಹೋಗುವಾಗ ಅತ್ತೆ ಅತ್ತರು, ನಾನು ಅಳಲಿಲ್ಲ. ಅಲ್ಲಿಗೂ ಹೋಗಿ ಅವರು ಸುಮ್ಮನೆ ಕೂರುವವರಲ್ಲ ಅಂತ ನನಗೆ ಗೊತ್ತಿತ್ತು.

ಹೋದ ತಿಂಗಳು ಮಧ್ಯಾಹ್ನ ಫೋನು ಬಂತು. ಅಕ್ಕೋರ ದನಿ ಪಿಸುಪಿಸು. “ಅಕ್ಕಾ, ತರಬೇತಿ ನಡೀತಾ ಇದೆ. ಇಡೀ ತಾಲೂಕಿನ ಮಾಸ್ತರು, ಅಕ್ಕೋರು ಎಲ್ಲ ಮುಂದೆ ಕೂತಿದಾರೆ. ನಮ್ಮ ಆಣದ ಪಾಠ ಮಾಡಿ ತೋರಿಸ್ತಾ ಇದ್ದೆ. ಎಳೆಯೇ ಬರ್ತಾ ಇಲ್ಲ! ನೀರಿಗೆ ಬಿಟ್ರೆ ಕರಗಿ ಹೋಗ್ತದೆ!”

“ಡಿಗ್ರಿ ಎಷ್ಟು ತೋರಸ್ತೈತ್ರಿ?” ಅಂದೆ.

ಆ ಕಡೆ ಸಣ್ಣ ನಗು. “ನೀವು ಡಿಗ್ರಿ ಕೇಳ್ತಾ ಇದ್ದೀರಲ್ಲ ಅಕ್ಕಾ! ನೂರಾ ಹದಿನೈದೇ ತೋರಿಸ್ತದೆ.”

“ಹಂಗಾರ ಥರ್ಮಾಮೀಟರಿನ ತುದಿ ಪಾತ್ರೆ ತಳಕ್ಕ ತಾಗೇತೇನು ನೋಡ್ರಿ. ತಳಾ ಹೆಚ್ಚು ಸುಡ್ತೈತಿ, ಸುಳ್ಳು ಹೇಳಸ್ತೈತಿ. ಮಕ್ಕಳಿಗೆ ನೀವ ಹೇಳಿದ್ರಲ್ರಿ.”

“ಅಯ್ಯೋ ದೇವರೇ! ಹೌದು!” ಪಾತ್ರೆಯ ಸದ್ದು, ಯಾರೋ ನಕ್ಕ ಸದ್ದು. “ಎತ್ತಿ ಹಿಡಿದೆ. ನೂರಾ ಐದಕ್ಕೆ ಇಳೀತು ಅಕ್ಕಾ.”

“ಫೋನು ಇಡಬ್ಯಾಡ್ರಿ. ಒಲಿ ಹತ್ತರ ಹಿಡೀರಿ.”

ಹಿಡಿದರು. ಯಲ್ಲಾಪುರದ ಆ ಬೆಲ್ಲ ನನ್ನ ಕಿವಿಯಲ್ಲಿ ಕುದಿಯತೊಡಗಿತು. ಗುಳ್ಳೆಗಳಿಗೆ ಇನ್ನೂ ಗಡಿಬಿಡಿ. ಅತ್ತೆಯೂ ಬಂದು ಪಕ್ಕದಲ್ಲಿ ಕಿವಿಗೊಟ್ಟು ನಿಂತರು. ಆ ಕಡೆ ಅಷ್ಟು ಜನ ಮಾಸ್ತರಗಳಿದ್ದರೂ ಒಬ್ಬರ ಉಸಿರೂ ಕೇಳದು. ಗುಳ್ಳೆಯ ಸದ್ದು ದಪ್ಪವಾಯಿತು, ನಿಧಾನವಾಯಿತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಡತೊಡಗಿತು.

“ಬಂತು,” ಅಂದೆ ನಾನು.

“ಬಂತು!” ಅಂದರು ಅಕ್ಕೋರು, ಅದೇ ಉಸಿರಿಗೆ.