ಅತ್ತೆಯನ್ನು ಬೆವರಿಸಿದ ಪೆಟ್ಟಿಗೆ

ಜೆಪ್ಪಿನಲ್ಲಿದ್ದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಹಲಸಿನ ಹಲಗೆಯ ಒಂದು ಬೆವರಿನ ಪೆಟ್ಟಿಗೆ ಇತ್ತು. ವೈದ್ಯರಾಗಿದ್ದ ಮಾವ ಮಾಡಿಸಿದ್ದು. ಒಳಗೆ ಮಣೆಯ ಮೇಲೆ ಕುಳಿತರೆ ತಲೆ ಮಾತ್ರ ಹೊರಗೆ. ಪಕ್ಕದ ಒಲೆಯ ಮೇಲೆ ಲಕ್ಕಿ ಸೊಪ್ಪು ಕುದಿಯುತ್ತಿದ್ದರೆ ಅದರ ಹಬೆ ಬಿದಿರಿನ ಕೊಳವೆಯಲ್ಲಿ ಒಳಗೆ ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ಅದರ ಆರೈಕೆ ನನ್ನ ಪಾಲಿಗೆ ಬಂತು. ಮೈಯೆಣ್ಣೆಯ ಜಿಡ್ಡು ಹಲಗೆಗೆ ಹಿಡಿಯುತ್ತದೆ. ಅಂಟುವಾಳದ ನೊರೆ ಹಾಕಿ ತೆಂಗಿನ ನಾರಿನಿಂದ ತಿಕ್ಕಬೇಕು. ಆರಿಸುವುದು ನೆರಳಿನಲ್ಲೇ.

ಅಕ್ಕಿ ಬೇಳೆಗೂ ತತ್ವಾರವಾಗಿದ್ದ ಯುದ್ಧದ ಕಾಲದಲ್ಲಿ ಒಂದು ಸಲ ಮಳೆ ಬಿಟ್ಟ ಮೇಲೆ ನಾನು ತವರಿಗೆ ಹೋಗಿದ್ದೆ. ಪೆಟ್ಟಿಗೆಗೆ ಬೂಸ್ಟು ಬಂದಿದೆಯೆಂದು ನನ್ನ ಗಂಡ ಅದನ್ನು ಅಂಗಳಕ್ಕೆ ಎಳೆದು ದಿನಗಟ್ಟಲೆ ಬಿಸಿಲಿಗೆ ಇಟ್ಟಿದ್ದರು. ಬೂಸ್ಟೇನೋ ಹೋಯಿತು, ಜೊತೆಗೆ ಹಲಗೆಗಳ ಸಂದೂ ಬಿಟ್ಟಿತು. ಹಬೆಯೆಲ್ಲ ಹೊರಗೆ. ಅತ್ತೆಯ ಬಲಭುಜ ಹಿಡಿದುಕೊಂಡು, ತುರುಬು ಕಟ್ಟಲೂ ಕೈ ಏಳದ ಹೊತ್ತಿನಲ್ಲೇ ಹೀಗಾಗಬೇಕೇ.

"ಇನ್ನು ಇದು ಪ್ರಯೋಜನ ಇಲ್ಲ. ಶುಕ್ರವಾರ ಆಚಾರಿ ಬರ್ತಾನೆ. ಕೊಯ್ದು ದನದ ಹಟ್ಟಿಗೆ ಬಾಗಿಲು ಮಾಡಿಸ್ತೇನೆ," ಎಂದರು ಇವರು.

"ಹಾಗಾದ್ರೆ ಶುಕ್ರವಾರದವರೆಗೆ ನನಗೆ ಬಿಡಿ," ಎಂದೆ.

ಹಸಿ ಗೋಣಿ ಹೊದೆಸಿ, ಒಣಗಿದಂತೆಲ್ಲ ನೀರು ಚಿಮುಕಿಸಿದೆ. ಹಲಗೆ ನೀರು ಕುಡಿದು ಉಬ್ಬಿತು, ಸಂದುಗಳು ಕೂಡಿಕೊಂಡವು. ಉಳಿದ ಸೀಳುಗಳಿಗೆ ಉದ್ದಿನ ಹಿಟ್ಟು ಕಲಸಿ, ಹಳೆ ಪಂಚೆಯ ಪಟ್ಟಿಗೆ ಮೆತ್ತಿ ಅಂಟಿಸಿದೆ.

ಅತ್ತೆ ನೋಡುತ್ತಲೇ ಇದ್ದರು. "ನಮಗೆ ದೋಸೆಗೆ ಉದ್ದಿಲ್ಲ. ನಿನ್ನ ಪೆಟ್ಟಿಗೆಗೆ ಉಂಟು."

ಶುಕ್ರವಾರ ಆಚಾರಿ ಗರಗಸ ಹಿಡಿದುಕೊಂಡೇ ಬಂದ. ಅವನನ್ನು ಜಗಲಿಯಲ್ಲಿ ಕೂರಿಸಿ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡಿದ್ದ ಅತ್ತೆಯನ್ನು ಪೆಟ್ಟಿಗೆಯೊಳಗೆ ಕೂರಿಸಿದೆ. ಒಲೆ ಹೊತ್ತಿತು. ಸಂದುಸಂದಿನ ಮೇಲೂ ಅಂಗೈ ಆಡಿಸಿದೆ. ಎಲ್ಲಿಯೂ ಬಿಸಿ ಉಸಿರಿಲ್ಲ.

"ಸೆಕೆಯೂ ಇಲ್ಲ, ಎಂತದೂ ಇಲ್ಲ," ಎಂದರು ಅತ್ತೆ.

ನಾನು ಇನ್ನೊಂದು ಕೊಳ್ಳಿ ಒಲೆಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಅವರ ಮೇಲ್ದುಟಿ ಹೊಳೆಯತೊಡಗಿತು. ಹಣೆಯಿಂದ ಒಂದು ಹನಿ ಇಳಿದು ಮೂಗಿನ ತುದಿಯಲ್ಲಿ ನಿಂತಿತು.

"ಮೂಗು ಒರಸು ಮಾರಾಯ್ತಿ, ನನ್ನ ಕೈ ಒಳಗುಂಟು."

ಒರಸಿದೆ. ಮತ್ತೊಂದು ಹನಿ ಇಳಿಯಿತು, ಆಮೇಲೆ ಧಾರೆಯೇ. ಇವರು ಹತ್ತಿರ ಬಂದು ಬಗ್ಗಿ ನೋಡಿದರು.

"ಎಂತ ನೋಡ್ತಿ? ಬಾಗಿಲು ತೆಗೆಸು. ನಾನೇನು ಕಡುಬಾ?" ಎಂದು ಅತ್ತೆ ಮಗನನ್ನು ಗದರಿದರು.

ಆಚಾರಿ ನಕ್ಕು ಗರಗಸವನ್ನು ಗೋಣಿಯಲ್ಲಿ ಸುತ್ತಿಕೊಂಡ. "ಹಟ್ಟಿ ಬಾಗಿಲಿಗೆ ಬೇರೆ ಮರ ನೋಡಿ ಅಯ್ಯ."

ಮೈ ಒರಸಿಕೊಂಡು ಬಂದ ಅತ್ತೆ ಬಲಗೈಯನ್ನು ಮೆಲ್ಲಗೆ ಎತ್ತಿದರು. ಕಿವಿಯವರೆಗೆ ಬಂತು.

"ತುರುಬಿಗೆ ಇನ್ನು ನಾಲ್ಕು ಬೆರಳು ಉಂಟು. ನಾಳೆಯೂ ಒಲೆ ಹಚ್ಚು," ಎಂದು ನನಗೆ ಹೇಳಿ, ಮಗನ ಕಡೆ ತಿರುಗಿದರು. "ನೀನು ಇನ್ನು ಆ ಪೆಟ್ಟಿಗೆ ಮುಟ್ಟುವುದಾದ್ರೆ ಇವಳನ್ನು ಕೇಳಿ ಮುಟ್ಟು."

ಇವರು ಹೋಗಿ, ಮರುದಿನಕ್ಕೆಂದು ಒಂದು ತೋಳು ತುಂಬ ಸೌದೆ ತಂದು ಒಲೆಯ ಬಳಿ ಪೇರಿಸಿದರು.