ಸಹಿಯ ಮೇಲೆ ಉಳಿದ ಜಾಗ

ಮಾನ್ಯ ಓದುಗರೇ,

ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ವಾರ ನನ್ನ ಹೆಸರಿಗೆ ಒಂದು ಲಕೋಟೆ ಬಂದಿತು. ಒಡೆಯುವಾಗ ಗೋಂದಿನ ವಾಸನೆ ಮೂಗಿಗೆ ತಾಗಿತು. ಆ ವಾಸನೆ ನನ್ನನ್ನು ಎಲ್ಲಿಗೆ ಕರೆದೊಯ್ದಿತೆಂಬುದು ಪತ್ರ ಓದುವ ಮೊದಲೇ ನನಗೆ ತಿಳಿದಿತ್ತು. ಕಾಲೇಜಿನ ದಿನಗಳಲ್ಲಿ ನಾನಿದ್ದ ವಡಾಲದ ವಿದ್ಯಾರ್ಥಿನಿಯರ ನಿಲಯದವರು, ಅಲ್ಲಿಯ ಗೆಳೆತನ ನಮ್ಮ ಓದಿಗೂ ಉದ್ಯೋಗಕ್ಕೂ ಹೇಗೆ ನೆರವಾಯಿತೆಂಬುದನ್ನು ಸ್ಮರಣ ಸಂಚಿಕೆಗಾಗಿ ಬರೆದುಕೊಡಬೇಕೆಂದು ಕೋರಿದ್ದರು. ಸೇವಾವಧಿಯುದ್ದಕ್ಕೂ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ ನಾನು. ಆದಕಾರಣ ಈ ಬರಹದಲ್ಲಿ ಕಡತದ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಿಲಯದ ತಾರಸಿಯಿಂದ ಆರಂಭಿಸುವುದು ಸೂಕ್ತವೆಂದು ತೋರುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮಧ್ಯಾಹ್ನ ಮೂರರ ಹೊತ್ತಿಗೆ ಉಪ್ಪಿನಾಗರಗಳ ಕಡೆಯಿಂದ ಒಂದು ಬಿಸಿಗಾಳಿ ಬರುತ್ತಿತ್ತು. ನಾಲಿಗೆಯಿಂದ ತುಟಿ ಸವರಿಕೊಂಡರೆ ಉಪ್ಪು. ಬಂದರಿನ ಕಡೆ ಯಾವುದೋ ಹಡಗು ನಿದ್ದೆಯಲ್ಲಿ ನರಳಿದಂತೆ ಕೂಗುತ್ತಿತ್ತು. ಹಾರ್ಬರ್ ಲೈನಿನ ಲೋಕಲ್ ರೈಲುಗಾಡಿ ಹೋದ ಮೇಲೂ ಅದರ ಸದ್ದು ಬಹಳ ಹೊತ್ತು ಗೋಡೆಗಳಲ್ಲಿ ಉಳಿದಿರುತ್ತಿತ್ತು. ಬೆಳಗಿನ ಕಾಲೇಜು ಮುಗಿಸಿ ಬಂದ ನಾವು ಆರು ಜನ ನೀರಿನ ಟಾಂಕಿಯ ನೆರಳಿನಲ್ಲಿ ಕೂರುತ್ತಿದ್ದೆವು. ನೆರಳು ಸರಿದಂತೆ ನಾವೂ ಸರಿಯುತ್ತಿದ್ದೆವು. ಇಂದು ಕಣ್ಣು ಮುಚ್ಚಿದರೆ ಉಳಿದ ಐವರ ಮುಖಗಳು ಸ್ಪಷ್ಟವಾಗಿ ಕಾಣಿಸುವುದಿಲ್ಲ, ಸರಿಯುವ ನೆರಳು ಮಾತ್ರ ಕಾಣಿಸುತ್ತದೆ.

ಒಬ್ಬೊಬ್ಬಳು ಒಂದೊಂದು ವಿಷಯವನ್ನು ಚೆನ್ನಾಗಿ ಓದಿ ಉಳಿದವರಿಗೆ ಪಾಠ ಹೇಳಬೇಕೆಂಬುದು ನಮ್ಮ ಕಟ್ಟಳೆ. ಅರ್ಥಶಾಸ್ತ್ರ ವಿಮಲೆಯ ಪಾಲಿಗೆ ಬಂದಿತ್ತು. ಅವಳು ನನ್ನ ಕೋಣೆಯ ಸಂಗಾತಿ, ಉಡುಪಿ ಕಡೆಯವಳು. ತಂದೆ ಮಲಾಡಿನ ಒಂದು ಹೋಟೆಲಿನಲ್ಲಿ ಅಡುಗೆಯವರು, ಮಲಗುವುದೂ ಅಲ್ಲೇ. ಆ ವಿಷಯದಲ್ಲಿ ಒಮ್ಮೆ ಅನುತ್ತೀರ್ಣಳಾಗಿದ್ದ ನನಗೆ ಅವಳು ಪಾಠ ಹೇಳುತ್ತಿದ್ದುದು ಹೀಗೆ:

"ಬೆಳಿಗ್ಗೆ ಏಳು ಗಂಟೆಗೆ ಇಡ್ಲಿಗೆ ಎಷ್ಟು ಜನ ಕ್ಯೂ ನಿಲ್ತಾರೆ? ಹನ್ನೊಂದಕ್ಕೆ ಎಷ್ಟು? ಅದೇ ಬೇಡಿಕೆ ಅಂದ್ರೆ. ತಿಳೀತಾ?"

"ಇಲ್ಲ."

"ಎಂತ ಇಲ್ಲ ಮಾರಾಯ್ತಿ! ಇನ್ನೊಮ್ಮೆ ಇಲ್ಲ ಅಂದ್ರೆ ನಿನ್ನನ್ನೇ ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸ್ತೇನೆ."

ಎರಡನೆಯ ಸಲ ಹೇಳಿದಾಗ ತಿಳಿಯುತ್ತಿತ್ತು. ಮರುವರ್ಷ ನಾನು ಉತ್ತೀರ್ಣಳಾದೆ.

ನಮ್ಮೆಲ್ಲರಿಗೂ ಹಿರಿಯಳು ಗದಗಿನ ಸುಮತಿ ಅಕ್ಕ. ಎಂ.ಎ. ಓದುತ್ತಿದ್ದಳು. ಕೆಲಸದ ಅರ್ಜಿಗಳಿಗೆ ಸಂಬಂಧಿಸಿದ ಕಟ್ಟಳೆ ಅವಳದೇ. ಯಾರೂ ತಮ್ಮ ಅರ್ಜಿಯನ್ನು ತಾವೇ ಬರೆಯಕೂಡದು. ಖಾಲಿ ಹಾಳೆಯ ಕೆಳತುದಿಯಲ್ಲಿ ಸಹಿ ಮಾಡಿ ಕೋಣೆಯ ಗೆಳತಿಗೆ ಕೊಡಬೇಕು. ಅವಳು ನಿಲಯದ ಕಚೇರಿಯಲ್ಲಿದ್ದ ಟೈಪ್‌ರೈಟರಿನಲ್ಲಿ ಅರ್ಜಿ ಟೈಪ್ ಮಾಡಿ, ಲಕೋಟೆಗೆ ಗೋಂದು ಹಚ್ಚಿ, ಅಂಚೆಗೆ ಹಾಕಬೇಕು. ಸಹಿ ಮಾಡಿದವಳು ಓದುವಂತಿಲ್ಲ.

"ಓದಿದ್ರ ಏನ ಆಗ್ತೈತಿ ಅಕ್ಕಾ?" ಎಂದು ಯಾರೋ ಅವಳ ಮಾತನ್ನೇ ಅಣಕಿಸಿ ಕೇಳಿದ್ದರು.

"ಏನ ಆಗ್ತೈತಿ? ಛಲೋ ಮಾತೆಲ್ಲಾ ಹೊಡದ ಹಾಕ್ತೀರಿ. ನಾಚಿಕಿ ಬುರುಕ್ಯಾರು! ನಿಮ್ಮ ಬಗ್ಗೆ ನೀವ ಬರೀರಿ ಅಂದ್ರ ಹೆಸರು, ವಯಸ್ಸು ಬರದು ಕೈ ಮುಗೀತೀರಿ."

ಈ ಕಟ್ಟಳೆಯಿಂದ ಎಷ್ಟು ಜನ ಬ್ಯಾಂಕು, ಶಾಲೆ, ಆಸ್ಪತ್ರೆ ಸೇರಿದರೆಂಬುದನ್ನು ಸಂಚಿಕೆಯಲ್ಲಿ ಬೇರೆಯವರು ಬರೆಯುವರೆಂದು ನಂಬಿದ್ದೇನೆ. ನಾನು ಬರೆಯಬೇಕಾದದ್ದು ಬೇರೆ ಇದೆ. ಅದನ್ನು ಬರೆಯಲು ಇಷ್ಟು ದೂರ ಬಳಸಿಕೊಂಡು ಬಂದಿದ್ದೇನೆ, ತಾವು ಗಮನಿಸಿರಬಹುದು.

ಬಿ.ಎ. ಮುಗಿದ ವರ್ಷ ನಗರದ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಸಹಾಯಕಿಯ ಹುದ್ದೆ ಖಾಲಿ ಇರುವುದಾಗಿ ಪತ್ರಿಕೆಯಲ್ಲಿ ಬಂದಿತು. ಒಂದೇ ಹುದ್ದೆ. ಶೀಘ್ರಲಿಪಿ ತಿಳಿದವರಿಗೆ ಆದ್ಯತೆ. ಪ್ರಮಾಣಪತ್ರಗಳನ್ನು ಸಂದರ್ಶನಕ್ಕೆ ತಂದರೆ ಸಾಕು. ಆ ವಾರವೇ ನನ್ನ ತಂದೆಯವರ ಪತ್ರವೂ ಬಂದಿತ್ತು: ತಿಂಗಳೊಳಗೆ ಕೆಲಸ ದೊರೆಯದಿದ್ದರೆ ಹೊರಟು ಬಾ, ಕುಂದಾಪುರದ ಗಂಡಿನ ಕಡೆಯವರಿಗೆ ಮಾತು ಕೊಡುತ್ತೇನೆ. ಗಂಡಿನ ಮೇಲೆ ನನಗೆ ದ್ವೇಷವಿರಲಿಲ್ಲ. ಅವನನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಈ ತಾರಸಿ, ಈ ಗಾಡಿ, ಸ್ವಂತ ಪಾಸು ಹಿಡಿದು ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಲ್ಲುವ ನಾನು, ಇವೆಲ್ಲ ಅಲ್ಲಿಗೆ ಮುಗಿಯುತ್ತಿದ್ದವು.

ವಿಮಲೆಯೂ ಅದೇ ಹುದ್ದೆಗೆ ಅರ್ಜಿ ಹಾಕುವವಳಿದ್ದಳು. ಸುಮತಿ ಅಕ್ಕ ನಕ್ಕಳು. "ಖುರ್ಚಿ ಒಂದ, ಕೂಡವರು ಇಬ್ಬರು. ಆದ್ರೂ ಕಟ್ಟಳಿ ಕಟ್ಟಳೀನ. ನೀ ಆಕೀದು ಬರಿ, ಆಕಿ ನಿಂದು ಬರೀಲಿ."

ವಿಮಲೆ ಶೀಘ್ರಲಿಪಿಯ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದಳು. ನನಗೆ ಆ ವಿದ್ಯೆ ಬರುತ್ತಿರಲಿಲ್ಲ.

ಅವಳ ಸಹಿ ಇದ್ದ ಹಾಳೆಯನ್ನು ಯಂತ್ರಕ್ಕೆ ಸುತ್ತಿದೆ. ಕಿಟಕಿಯ ಹೊರಗೆ ಬಿಳಿಯ ಬಿಸಿಲು. ಹೆಸರು, ವಿಳಾಸ, ವಿದ್ಯಾರ್ಹತೆ ಎಲ್ಲವನ್ನೂ ಅಚ್ಚುಕಟ್ಟಾಗಿ ಟೈಪ್ ಮಾಡಿದೆ. ಶೀಘ್ರಲಿಪಿಯ ಸಾಲು ಬರಬೇಕಾದಲ್ಲಿ ಬೆರಳು ನಿಂತಿತು. ಕೋಪವಿರಲಿಲ್ಲ, ಆಲೋಚನೆಯೂ ಇರಲಿಲ್ಲ. ನೀರೊಳಗೆ ಕುಳಿತಂತಿತ್ತು. ಆ ಸಾಲನ್ನು ಬಿಟ್ಟೆ. ಬಿಟ್ಟ ಮೇಲೆ ಸಹಿಗೂ ಬರಹಕ್ಕೂ ನಡುವೆ ಎರಡು ಸಾಲಿನಷ್ಟು ಜಾಗ ಉಳಿಯಿತು. ಅದು ಯಾರ ಕಣ್ಣಿಗಾದರೂ ಬೀಳುವಂತಿತ್ತು. ಆದುದರಿಂದ ಅಲ್ಲಿ, 'ತಮ್ಮ ಅಮೂಲ್ಯ ಸಮಯಕ್ಕಾಗಿ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸುತ್ತಾ, ಅನುಕೂಲಕರವಾದ ಉತ್ತರದ ನಿರೀಕ್ಷೆಯಲ್ಲಿ, ಸದಾ ತಮ್ಮ ವಿಧೇಯಳು' ಎಂಬರ್ಥದ ಇಂಗ್ಲಿಷನ್ನು ತುಂಬಿದೆ. ಜಾಗ ಸರಿಹೋಯಿತು. ಗೋಂದು ಹಚ್ಚಿದೆ.

ಸಂದರ್ಶನಕ್ಕೆ ನನಗೆ ಮಾತ್ರ ಕರೆ ಬಂದಿತು. ವಿಮಲೆ ನನ್ನ ಜಡೆ ಹೆಣೆದು, ತನ್ನ ಗಡಿಯಾರವನ್ನು ನನ್ನ ಕೈಗೆ ಕಟ್ಟಿ ಕಳುಹಿಸಿದಳು. ಅಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ನನ್ನ ಅರ್ಜಿಯ ಒಂದು ಸಾಲನ್ನು ಗಟ್ಟಿಯಾಗಿ ಓದಿದರು: "ನನಗೆ ಮೊದಲ ಸಲ ಹೇಳಿದ್ದು ತಿಳಿಯುವುದಿಲ್ಲ. ಎರಡನೆಯ ಸಲ ತಿಳಿದದ್ದನ್ನು ಮರೆಯುವುದಿಲ್ಲ." ಅನಂತರ ತಲೆಯೆತ್ತಿ, "ಇಷ್ಟು ಪ್ರಾಮಾಣಿಕವಾದ ಅರ್ಜಿಯನ್ನು ನಾನು ಓದಿಲ್ಲ. ಶೀಘ್ರಲಿಪಿ ಬಾರದಿದ್ದರೆ ಚಿಂತೆಯಿಲ್ಲ, ಎರಡು ಸಲ ಹೇಳಿಕೊಡೋಣ," ಎಂದರು.

ನಾನು ವಂದನೆ ಹೇಳಿದೆ. ಅದೊಂದು ನನಗೆ ಚೆನ್ನಾಗಿ ಬರುತ್ತಿತ್ತು.

ವಿಮಲೆ ಎರಡು ವರ್ಷ ಅಲ್ಲಿ ಇಲ್ಲಿ ಪಾಠ ಹೇಳಿ, ಬಳಿಕ ಗೋರೆಗಾಂವಿನ ಒಂದು ಕನ್ನಡ ಶಾಲೆಗೆ ಸೇರಿದಳು. ಮುಖ್ಯೋಪಾಧ್ಯಾಯಿನಿಯೂ ಆದಳು. ನಾನು ಬಡ್ತಿ ಪಡೆಯುತ್ತಾ ಅಧೀಕ್ಷಕಿಯಾಗಿ ನಿವೃತ್ತಳಾದೆ. ಕಚೇರಿಯಲ್ಲಿ ನನ್ನ ಪತ್ರಗಳ ವಿನಯಕ್ಕೆ ಹೆಸರಿತ್ತು. ಪ್ರತಿ ಪತ್ರದ ಕೊನೆಯಲ್ಲಿ ಆ ವಂದನೆಯ ಸಾಲುಗಳನ್ನು ಬರೆಯುವಾಗ ಅವುಗಳ ಅಡಿಯಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ.

ಈ ಲೇಖನವನ್ನು ಕಳುಹಿಸುವ ಮೊದಲು ನಿನ್ನೆ ಮಲಾಡಿಗೆ ಹೋದೆ. ವಿಮಲೆ ಈಗ ಅಲ್ಲಿಯೇ, ಸ್ಟೇಷನ್ನಿನ ಹತ್ತಿರದ ಬಿಲ್ಡಿಂಗಿನಲ್ಲಿ ಇದ್ದಾಳೆ. ಕುಳಿತುಕೊಳ್ಳದೆ, ಬಾಗಿಲ ಬಳಿ ನಿಂತೇ ಎಲ್ಲವನ್ನೂ ಹೇಳಿದೆ. ಅವಳಿಗೆ ತಿಳಿದಿರಬಹುದೆಂದು ಇಷ್ಟು ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಅವಳಿಗೆ ತಿಳಿದಿರಲಿಲ್ಲ. ಕೈಯಲ್ಲಿದ್ದ ಸೌಟನ್ನು ಸೆರಗಿನಿಂದ ಒರೆಸಿದಳು.

"ನನ್ನ ಇಂಗ್ಲಿಷ್ ಸಾಲ್ಲಿಲ್ಲ ಅಂತ ತಿಳ್ಕೊಂಡಿದ್ದೆ," ಎಂದಳು. "ಆ ಎರಡು ವರ್ಷ ಅಪ್ಪನೆದುರು ತಲೆ ಎತ್ಲಿಲ್ಲ."

ಸೌಟನ್ನು ನನ್ನತ್ತ ಚಾಚಿದಳು.

"ಹೇಗೂ ನಂಗೆ ಆ ಕೆಲಸ ಸಿಕ್ತಿರ್ಲಿಲ್ಲ ಅಂತ ನಾನು ಹೇಳ್ಬೇಕು ಅಂತ ಬಂದದ್ದಾ ನೀನು? ಹೇಳುದಿಲ್ಲ ಮಾರಾಯ್ತಿ. ಸಿಕ್ತಿತ್ತು."

"ಹೌದು," ಎಂದೆ.

ಅವಳು ಒಳಗೆ ಹೋದಳು. ನಾನು ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಹೊಸ್ತಿಲಲ್ಲೇ ಇದ್ದೆ. ಕೆಳಗೆ ಫಾಸ್ಟ್ ಗಾಡಿಯೊಂದು ನಿಲ್ಲದೆ ಹೋಯಿತು. ಒಳಗಿನಿಂದ ತಟ್ಟೆ ಇಡುವ ಸದ್ದು ಕೇಳಿತು, ಬಳಿಕ ಇನ್ನೊಂದು.

"ಸಾರು ಆರ್ತದೆ," ಎಂದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಕೈ ತೊಳೆದು ಅವಳೆದುರು ಕುಳಿತೆ. ಧನ್ಯವಾದ ಹೇಳಲಿಲ್ಲ.