ಆಯಿಯ ಅರ್ಧ ಆಟ

ಕೈಮಗ್ಗದ ಹೊಸ ಸೀರೆಯ ಗಂಟು ಬಿಚ್ಚಿದಾಗ ಮೂಗಿಗೆ ಬರುವ ಗಂಜಿಯ ವಾಸನೆ ಇವತ್ತಿಗೂ ನನ್ನನ್ನು ಅಂಗಡಿಯ ಗಾದಿಯಿಂದ ಎಬ್ಬಿಸಿ ಬೆಟಗೇರಿಯ ಆ ಓಣಿಗೆ ಕರೆದೊಯ್ಯುತ್ತದೆ. ತಲೆಯ ಮೇಲೆ ಗಂಟು ಹೊತ್ತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆ ಸುತ್ತಿ, ಕಡೆಗೆ ಗದುಗಿನಲ್ಲಿ ಸ್ವಂತ ಅಂಗಡಿ ಹಾಕಿದವಳು ನಾನು. ನಿಮಗೂ ಹೇಳುತ್ತೇನೆ, ಸೀರೆ ಕೊಳ್ಳುವಾಗ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡಿ, ದೀಪದ ಬೆಳಕನ್ನು ನಂಬಬೇಡಿ. ಈ ಬುದ್ಧಿ ನಮ್ಮ ಮನೆಗೆ ಬಂದದ್ದು ಆಯಿ ಮಾಡಿದ ಒಂದು ತಪ್ಪಿನಿಂದ.

ಆಯಿ ಎಂದರೆ ಅಪ್ಪನ ತಾಯಿ, ನೀಲವ್ವ. ಅಪ್ಪ ಅವ್ವ ಸೊರಟೂರಿನಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಶಾಲೆಗೆಂದು ಬೆಟಗೇರಿಯಲ್ಲಿ ಅಜ್ಜ-ಆಯಿಯ ಹತ್ತಿರ ಇದ್ದೆ. ಅಜ್ಜ ಕುಣಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಆಯಿ ಪಕ್ಕದಲ್ಲೇ ರಾಟಿ ತಿರುಗಿಸುತ್ತ, ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ರೊಟ್ಟಿ ಬಡಿಯುವುದು, ನನ್ನ ತಲೆ ಬಾಚುವುದು, ಸೊರಟೂರಿಗೆ ಬುತ್ತಿ ಕಳಿಸುವುದು ಎಲ್ಲವೂ ಎರಡು ಕಂಡಿಕೆಗಳ ನಡುವೆ ನಡೆಯಬೇಕು. ಐತವಾರದ, ಅಂದರೆ ಭಾನುವಾರದ, ಸಂಜೆ ಮಾತ್ರ ಅವಳದು. ಮೂರು ಓಣಿ ಆಚೆಯ ಮೈದಾನದಲ್ಲಿ ನಮ್ಮ ಓಣಿಯ ಹುಡುಗರ ಹಾಕಿ ಆಟ ಇದ್ದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಡುತ್ತಿದ್ದಳು. ಆಟಗಾರರ ಅವ್ವಂದಿರೂ ಹೋಗದ ಜಾಗ ಅದು. "ಬಡೀಲೇ, ಚೆಂಡಿನ ಮಾರಿ ಏನ್ ನೋಡ್ತಿ, ಬಡಿ!" ಎಂದು ಅವಳು ಕೂಗಿದರೆ ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು.

ಒಂದು ಐತವಾರ ಆಟ ನೋಡಿ ಬಂದವಳು ಅದೇ ಗುಂಗಿನಲ್ಲಿ ಕುಂಕುಮ ಬಣ್ಣದ ನೂಲಿನ ಜಾಗದಲ್ಲಿ ದಾಳಿಂಬೆ ಬಣ್ಣದ್ದನ್ನು ಸುತ್ತಿಟ್ಟಳು. ಎರಡೂ ಕೆಂಪೇ, ದೀಪದ ಬೆಳಕಿನಲ್ಲಿ ಅಜ್ಜನೂ ತಿಳಿಯದೆ ಗೇಣುದ್ದ ನೇಯ್ದುಬಿಟ್ಟ. ಬೆಳಗ್ಗೆ ಬಿಸಿಲು ಬಿದ್ದಾಗ ಸೀರೆಯ ನಡುವೆ ಪಟ್ಟೆ ಎದ್ದು ಕಂಡಿತು. ನೂಲು ಕೊಟ್ಟಿದ್ದ ಸಾವುಕಾರ ಸೀರೆಯನ್ನು ಹಿಂದಕ್ಕೆ ಕಳಿಸಿದ.

"ಇನ್ನ ಆಟದ ಹೆಸರು ಎತ್ತಬ್ಯಾಡ" ಎಂದ ಅಜ್ಜ.

ಮುಂದಿನ ಐತವಾರ ಮೈದಾನದ ಗದ್ದಲ ಕೇಳಿಬರುವಾಗ ಆಯಿಯ ರಾಟಿ ಒಮ್ಮೆ ಜೋರಾಗಿ ತಿರುಗುವುದು, ಒಮ್ಮೆ ನಿಂತೇಬಿಡುವುದು. ನನಗೆ ನೋಡಲಾಗಲಿಲ್ಲ.

"ಅಜ್ಜಾ, ಐತವಾರ ಆಯಿ ಬದಲಿ ನಾ ಕುಂಡ್ರತೀನಿ."

"ಎರಡು ಕಂಡಿಕಿ ಸುತ್ತಿ ಓಡಿ ಹೋಗಾಕಿ ನೀ."

"ಒಂದ ಐತವಾರ ನೋಡು. ನೂಲು ಹರದ್ರ ಆಯಿನ್ನ ಮತ್ತ ಆಟಕ್ಕ ಕಳಸಬ್ಯಾಡ."

ಅಜ್ಜ ನಕ್ಕು ಹೂಂ ಅಂದ. ಅದು ನನ್ನ ಬದುಕಿನ ಮೊದಲ ಚೌಕಾಸಿ. ಎದುರಿನವರಿಗೆ ನಷ್ಟವಾಗದಷ್ಟನ್ನೇ ಮೊದಲು ಕೇಳಬೇಕು ಎಂಬುದನ್ನು ಅಂದೇ ಕಲಿತೆ; ನೀವೂ ಮಾಡಿ ನೋಡಿ.

ಹೀಗೆ ನಾಲ್ಕು ವರ್ಷ ಐತವಾರದ ರಾಟಿ ನನ್ನದಾಯಿತು. ಆಯಿಯ ಕೂಗು ಕೇಳಿದೆನೇ ಹೊರತು ಅವಳು ಆಟ ನೋಡುವುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವಳು ಬಂದವಳೇ ನನ್ನನ್ನು ರಾಟಿಯಿಂದ ಎಬ್ಬಿಸಿ, ನನ್ನ ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಖಾಲಿ ಕಂಡಿಕೆಗಳನ್ನು ನೆಲದ ಮೇಲೆ ಆಟಗಾರರಂತೆ ನಿಲ್ಲಿಸುವಳು. ಯಾರು ಯಾರಿಗೆ ಚೆಂಡು ಕೊಟ್ಟರು, ಯಾರು ಜಾರಿ ಬಿದ್ದರು, ಎಲ್ಲ ಹೇಳುವಳು. ಕೊನೆಯ ಗಳಿಗೆಯಲ್ಲಿ ನಮ್ಮವರೇ ಗೆಲ್ಲುವರು. ಮೈದಾನದ ಕಡೆಯಿಂದ ಇನ್ನೂ ಗದ್ದಲ ಕೇಳುತ್ತಿರುತ್ತಿತ್ತು. ಯಾಕೆಂದು ಕೇಳಿದರೆ, "ಅದು ಮುಂದಿನ ಮ್ಯಾಚಿಂದು, ಅದರಾಗ ನಮ್ಮವರಿಲ್ಲ" ಎನ್ನುವಳು. ಮರುದಿನ ಶಾಲೆಯಲ್ಲಿ ಯಾರಾದರೂ ನಿಮ್ಮವರು ಸೋತರು ಎಂದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನಮ್ಮ ಆಯಿ ಕಣ್ಣಾರೆ ನೋಡಿ ಬಂದಿದ್ದಾಳಲ್ಲ!

ಆಯಿ ಹೋದಳು, ಅಜ್ಜ ಹೋದ, ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿಕಲ್ಲು ಹಾಸಿದ್ದಾಯಿತು. ಕಳೆದ ವರ್ಷ ತಮ್ಮ ಮಗಳ ಮದುವೆಯ ಜವಳಿಗೆಂದು ಬಂದ ಹಿರಿಯರೊಬ್ಬರು ನನ್ನೊಡನೆ ಸೀರೆಯೊಂದಕ್ಕೆ ಹಟ ಹಿಡಿದು ಚೌಕಾಸಿ ಮಾಡುತ್ತಿದ್ದರು. ಮಾತಿಗೆ ಮಾತು ಬಂದು ಬೆಟಗೇರಿ, ಓಣಿ, ಮೈದಾನ ಎಲ್ಲ ಬಂದವು. ಅವರು ಅಂದಿನ ನಮ್ಮ ಓಣಿಯ ತಂಡದ ಗೋಲ್‌ಕೀಪರ್.

"ನೀಲವ್ವಾಯಿ ಮೊಮ್ಮಗಳೇನ್ರೀ ನೀವು? ಗೋಲ್ ಹಿಂದ ನಿಂತು ನನ್ನ ಬೈದಷ್ಟು ನಮ್ಮಪ್ಪನೂ ಬೈದಿಲ್ಲ ಬಿಡ್ರಿ! ಆದ್ರ ಅರ್ಧ ಆಟಕ್ಕ ಹೋಗಿಬಿಡಾಕಿ. 'ನಿಂದರಬೇ ಆಯಿ, ಖರೆ ಆಟ ಈಗ ಐತಿ' ಅಂದ್ರ, 'ನನ್ನ ಮೊಮ್ಮಗಳ ಕೈ ನೋಯತಿರತಾವಪಾ' ಅನ್ನಾಕಿ."

"ಅರ್ಧಕ್ಕ? ಯಾವಾಗ್ಲೂ?"

"ಯಾವಾಗ್ಲೂ. ಛಲೋ ಆತು ಬಿಡ್ರಿ, ನಾವು ಸೋಲೂದು ಆಕಿ ನೋಡ್ಲಿಲ್ಲ."

ಅವರು ಕೇಳಿದ ಬೆಲೆಗೆ ಸೀರೆ ಕಟ್ಟಿಕೊಟ್ಟೆ. ಇಡೀ ಸಂಜೆಯನ್ನು ಆಯಿಗೆ ಗೆದ್ದುಕೊಟ್ಟೆ ಎಂದು ಇಷ್ಟು ವರ್ಷ ಬೀಗಿದ್ದೆ. ಅವಳು ಅರ್ಧವನ್ನಷ್ಟೇ ಇಟ್ಟುಕೊಂಡು, ಉಳಿದರ್ಧವನ್ನು ನನ್ನ ಬೆರಳುಗಳಿಗಾಗಿ ಬಿಟ್ಟುಬಂದು, ಕಂಡಿಕೆಗಳಿಂದ ತಾನೇ ಆಡಿ ಮುಗಿಸಿದ್ದಳು.

ಈಗ ಐತವಾರ ಅಂಗಡಿ ಬೇಗ ಮುಚ್ಚಿ ಬೆಟಗೇರಿಯ ಅದೇ ಮೈದಾನಕ್ಕೆ ಹೋಗುತ್ತೇನೆ. ಆ ಪಟ್ಟೆಯ ಸೀರೆಯನ್ನು ಆಯಿ ಕೊನೆಯವರೆಗೂ ಉಟ್ಟು ಹರಿದಿದ್ದಳು. ಅದರ ಒಂದು ತುಂಡನ್ನು ಮಡಚಿ ಮೈದಾನದ ಅಂಚಿನ ಕಲ್ಲಿನ ಮೇಲೆ ಹಾಕಿಕೊಂಡು, ಕೊನೆಯ ಸೀಟಿಯವರೆಗೂ ಕೂರುತ್ತೇನೆ. ಮೊನ್ನೆ ನಮ್ಮ ಓಣಿಯವರು ಹೀನಾಯವಾಗಿ ಸೋತರು. ಮನೆಗೆ ಬಂದು ಕೈಕಾಲು ತೊಳೆದು ಆಯಿಯ ಫೋಟೋದ ಮುಂದೆ ದೀಪ ಹಚ್ಚಿದೆ.

"ಗೆದ್ವಿ, ಆಯಿ" ಎಂದೆ.